ಐರಿಸ್ ಎಂಬ ಹೆಸರಿನ ತಕರಾರು

ಮುಂಡಗೋಡದಿಂದ ಅತ್ತಿವೇರಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ತಾಂಡಾ ಇದೆ. ಅಲ್ಲಿಯ ಹೇಮಪ್ಪ ಲಮಾಣಿಗೆ ಸಿಟ್ಟು ಬರುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಆನೆ ಬಂದು ಭತ್ತದ ಗದ್ದೆ ತುಳಿದುಹೋದ ವರ್ಷ ಆತ ಸುಮ್ಮನೇ ಕೂತಿದ್ದ. "ಆನಿಗೇನ ಗೊತ್ತು, ಅದೇನ ಸಾಲಿ ಕಲಿತೈತೇನು" ಎಂದಿದ್ದ. ಆದರೆ ಸಾಲಿ ಕಲಿತವರು ಯಾರದಾದರೂ ಹೆಸರನ್ನು ತಪ್ಪು ಬರೆದರೆ, ತಪ್ಪು ಕೂಗಿದರೆ, ಆತನ ಕಿವಿಯ ತುದಿ ಕೆಂಪಾಗುತ್ತಿತ್ತು. ಮದುವೆಯ ಲಗ್ನಪತ್ರಿಕೆ ಬಂದರೆ ಮೊದಲು ಜೇಬಿನಿಂದ ಪೆನ್ನು ತೆಗೆಯುತ್ತಿದ್ದ. ತಪ್ಪು ತಿದ್ದಿ, ತಿದ್ದಿದ ಪತ್ರಿಕೆಯನ್ನು ಕೊಟ್ಟವರ ಕೈಗೇ ವಾಪಸು ಕೊಟ್ಟು, ಆಮೇಲೆ ಊಟಕ್ಕೆ ಹೋಗುತ್ತಿದ್ದ.

ಇದಕ್ಕೆ ಕಾರಣ ಆತನ ನೌಕರಿ. ಮೂವತ್ತನಾಲ್ಕು ವರ್ಷ ಹಳ್ಳಿಹಳ್ಳಿಗೆ ಟಪಾಲು ಹಂಚಿದವನು ಆತ. ಟಿಬೇಟಿಯನ್ನರ ಕ್ಯಾಂಪಿಗೂ ಆತನೇ ಹೋಗುತ್ತಿದ್ದ. ಅಲ್ಲಿ ಒಂದು ಕಾಲಕ್ಕೆ ತೆಂಜಿನ್ ಎಂಬ ಒಂದೇ ಹೆಸರಿನವರು ನೂರಾ ನಲವತ್ತು ಜನರಿದ್ದರು. ಹಲ್ಲು ಕಟ್ಟಿಸಿಕೊಂಡ ತೆಂಜಿನ್, ಸ್ವೆಟರ್ ಮಾರಲು ಹುಬ್ಬಳ್ಳಿಗೆ ಹೋಗುವ ತೆಂಜಿನ್, ತಮ್ಮನ ಮೇಲೆ ಸಿಟ್ಟಾದ ತೆಂಜಿನ್, ಆ ತಮ್ಮ ತೆಂಜಿನ್. ಒಬ್ಬ ತೆಂಜಿನ್ನನ ಪತ್ರ ಇನ್ನೊಬ್ಬ ತೆಂಜಿನ್ನನಿಗೆ ಹೋದದ್ದಿಲ್ಲ. ಹೀಗಾಗಿ ಹೆಸರು ಎನ್ನುವುದರ ಬಗ್ಗೆ ಈ ತಾಲೂಕಿನಲ್ಲಿ ಮಾತಾಡುವ ಅಧಿಕಾರ ತನಗೊಬ್ಬನಿಗೇ ಇದೆ ಎಂದು ಹೇಮಪ್ಪ ತಿಳಿದಿದ್ದ. ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ಪ್ರಶ್ನಿಸಿದರೆ ಆತ ತೆಂಜಿನ್ನರ ಪಟ್ಟಿ ಮೊದಲಿನಿಂದ ಹೇಳುತ್ತಾನೆ ಎಂಬ ಭಯವಿತ್ತು.

ಇಂಥವನ ಮನೆಗೆ ಆರು ವರ್ಷದ ಹಿಂದೆ ಆಷಾಢದಲ್ಲಿ ಮೊಮ್ಮಗಳು ಹುಟ್ಟಿದಳು. ಮಗ ಸುದೀಪ ದಾಂಡೇಲಿಯಲ್ಲಿ ಪ್ರವಾಸಿಗರ ಜೀಪು ಓಡಿಸುತ್ತಿದ್ದ. ಸೊಸೆ ಸೌಂದರ್ಯಾಳ ತವರು ಹಳಿಯಾಳದ ಕಡೆಯದು. ಹೆರಿಗೆಯೂ ಅಲ್ಲಿಯೇ ಆಸ್ಪತ್ರೆಯಲ್ಲಿ ಆಯಿತು. ಐದನೇ ದಿನ ಸುದೀಪ ಫೋನು ಮಾಡಿದ. ತಾಂಡಾದಲ್ಲಿ ಸಿಗ್ನಲ್ ಸಿಗುವುದು ಮಾಲವ್ವನ ಮನೆಯ ಕಟ್ಟೆಯ ಮೇಲೆ ಮಾತ್ರ. ಹೇಮಪ್ಪ ಕಟ್ಟೆ ಹತ್ತಿ ನಿಂತ.

"ಹೆಸರ ಏನ ಇಡೂಣಂತ ಮಾಡಿ?"

"ಐರಿಸ್, ಅಪ್ಪಾ."

ಧ್ವನಿ ಏರಿಸು ಎನ್ನುತ್ತಿದ್ದಾನೆ ಎಂದುಕೊಂಡ ಹೇಮಪ್ಪ ಧ್ವನಿ ಏರಿಸಿದ.

"ಹೆಸರ ಏನ ಇಡ್ತೀಯೋ ಅಂತ ಕೇಳಿದ್ನಿ."

"ಐರಿಸ್."

"ಇದಕ್ಕಿಂತ ಏರಿಸಿದ್ರ ನನ್ನ ಗಂಟಲಾ ಹರೀತೈತಿ. ನಿನ್ನ ಕಿವಿಗೇನಾಗೈತಿ?"

ಮೂರನೆಯ ಸಲ ಆತ ಕೂಗಿದ್ದಕ್ಕೆ ಮಾಲವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು, ಎದುರು ಮನೆಯವರು ಬಂದರು. ಹೇಮಪ್ಪನ ಹೆಂಡತಿ ರೂಪಿಬಾಯಿ ಮಾತ್ರ ಬರಲಿಲ್ಲ. ಆಕೆಗೆ ಅದು ಅಭ್ಯಾಸವಾಗಿತ್ತು. ಕೊನೆಗೆ ಸೊಸೆ ಫೋನು ತೆಗೆದುಕೊಂಡು, ಐರಿಸ್ ಎನ್ನುವುದೇ ಹೆಸರು, ಹೆರಿಗೆ ಮಾಡಿಸಿದ ನರ್ಸ್ ಜ್ಯೂಲಿ ಸಿಸ್ಟರ್ ಹೇಳಿದ್ದು, ಅದು ಗ್ರೀಸ್ ದೇಶದ ಪುರಾಣದ ಹೆಸರು ಎಂದು ಬಿಡಿಸಿ ಹೇಳಿದಳು.

"ಗ್ರೀಸ್ ಅಂದ್ರ ಗಾಡಿ ಗಾಲಿಗೆ ಹಚ್ಚತಾರಲ್ಲ, ಅದಾ?" ಎಂದಳು ಮಾಲವ್ವ.

ಹೇಮಪ್ಪ ಕಟ್ಟೆಯಿಂದ ಇಳಿದು ಮನೆಗೆ ಬಂದು ಹೆಂಡತಿಯ ಮುಂದೆ ನಿಂತ. "ಮೂವತ್ತನಾಲ್ಕು ವರ್ಷದಾಗ ಮುಂಡಗೋಡದಿಂದ ಗ್ರೀಸಿಗೆ ಒಂದ ಕಾರ್ಡ ಹೋಗಿಲ್ಲ, ಗ್ರೀಸಿನಿಂದ ಒಂದ ಕಾರ್ಡ ಬಂದಿಲ್ಲ. ಇದು ನಾ ಖಾತ್ರಿಲೆ ಹೇಳ್ತೇನಿ. ಕಾರ್ಡ ಬರದ ದೇಶದಿಂದ ಹೆಸರ ಹೆಂಗ ಬಂತು?"

"ಕೂಸ ಆರಾಮ ಐತೇನು, ಅದನ್ನ ಕೇಳಿದ್ರೇನು?" ಎಂದಳು ರೂಪಿಬಾಯಿ.

ಆತ ಕೇಳಿರಲಿಲ್ಲ. ಅದಕ್ಕೂ ಆತನಿಗೆ ಆ ನರ್ಸಿನ ಮೇಲೆಯೇ ಸಿಟ್ಟು ಬಂತು.

ಮರುದಿನ ಬೆಳಗಿನ ಬಸ್ಸಿಗೇ ಹೇಮಪ್ಪ ಹಳಿಯಾಳಕ್ಕೆ ಹೊರಟ. ಮೊಮ್ಮಗಳನ್ನು ನೋಡುವುದು ಒಂದು ನೆಪ. ಹೆಸರನ್ನು ಕೊಟ್ಟವರಿಗೇ ತಿರುಗಿ ಕೊಟ್ಟು ಬರುವುದು ನಿಜವಾದ ಉದ್ದೇಶ. ತಪ್ಪು ವಿಳಾಸಕ್ಕೆ ಬಂದದ್ದನ್ನು ಕಳಿಸಿದವರಿಗೆ ವಾಪಸು ಮಾಡಬೇಕು ಎಂಬುದು ಇಲಾಖೆಯ ನಿಯಮ.

ಜ್ಯೂಲಿ ಹಳಿಯಾಳದ ಹತ್ತಿರದ ಹಳ್ಳಿಯೊಂದರ ಸಿದ್ದಿ ಮನೆತನದ ಹುಡುಗಿ. ಎತ್ತರದ ಆಳು, ಕೆಲಸದಲ್ಲಿ ಚುರುಕು. ಆಕೆ ಇಂಜೆಕ್ಷನ್ ಕೊಡುತ್ತಿದ್ದ ಕೋಣೆಯ ಬಾಗಿಲಿಗೆ ಹೋಗಿ ನಿಂತು ಹೇಮಪ್ಪ, "ನೀವು ಕೊಟ್ಟ ಹೆಸರು ನಮಗ ಬ್ಯಾಡ, ತಗೋರಿ" ಎಂದ.

"ಯಾವ ಪೇಶಂಟು ಅಜ್ಜಾರ?"

"ಪೇಶಂಟ ನಾ ಅಲ್ಲ. ನಿಮ್ಮ ಐರಿಸ್ಸಿನ ಅಜ್ಜ."

ಆಕೆ ನಕ್ಕಳು. ಸಾಲಿನಲ್ಲಿದ್ದ ಮೂವರಿಗೆ ಸೂಜಿ ಚುಚ್ಚಿ ಮುಗಿಸಿ, ಕೈ ತೊಳೆದುಕೊಂಡು ಬಂದು ಆತನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು. ಕೂಸು ಹುಟ್ಟಿದಾಗ ಬಿಸಿಲೂ ಮಳೆಯೂ ಕೂಡಿ ಬಂದಿತ್ತು, ಕಿಟಕಿಯಲ್ಲಿ ಕಾಮನಬಿಲ್ಲು ಕಂಡಿತ್ತು, ನಿಮ್ಮ ಮಗ ಹೆಸರು ಹೇಳ್ರಿ ಅಂದ, ನಾನು ದಾಂಡೇಲಿಯ ಬಂಗೂರನಗರದ ಕಾಲೇಜಿನಲ್ಲಿ ಓದುವಾಗ ನಮ್ಮ ಇಂಗ್ಲಿಷ್ ಸರ್ ಹೇಳಿದ್ದ ಕಥೆ ನೆನಪಾಯಿತು, ಅಷ್ಟೇ ಎಂದಳು. "ಐರಿಸ್ ಅಂದ್ರ ಅವರ ಭಾಷಾದಾಗ ಕಾಮನಬಿಲ್ಲು. ಅದರ ದೇವತಿ. ದೇವರು ಹೇಳಿದ ಮಾತನ್ನ ಮುಗಿಲಿಂದ ಇಳಿದ ಬಂದು ಮುಟ್ಟಸೂದು ಆಕಿ ಕೆಲಸ."

ಹೇಮಪ್ಪನ ಕಿವಿಯ ಕೆಂಪು ಒಂದಿಷ್ಟು ಇಳಿಯಿತು. "ಮುಟ್ಟಸೂದು ಅಂದ್ರ ಟಪಾಲು?"

"ಹಂಗಂತ ತಿಳೀರಿ."

"ಆಕಿ ಟಪಾಲ ಹಂಚೂ ಬೀಟ ಎಷ್ಟು?"

"ಮುಗಿಲಿಂದ ಸಮುದ್ರದ ತಳದ ತನಕ."

"ಒಬ್ಬಾಕೀನ?"

"ಒಬ್ಬಾಕೀನ."

"ರಜಾ?"

"ಇತ್ತಂತ ಎಲ್ಲೂ ಬರದಿಲ್ಲ."

"ದೇವರೂ ನಮ್ಮ ಇಲಾಖಿಯವರ ಹಂಗ ಅದಾರ" ಎಂದ ಹೇಮಪ್ಪ. ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ತಗ್ಗಿದ ಧ್ವನಿಯಲ್ಲಿ ಕೇಳಿದ. "ಹೇಳಿದ ಮಾತು ಹೇಳಿದಂಗ ಮುಟ್ಟಸ್ತಿದ್ಲೋ, ನಡುವ ಏನರ ಸೇರಸ್ತಿದ್ಲೋ?"

"ಒಂದ ಅಕ್ಷರ ಸೇರಸ್ತಿರಲಿಲ್ಲ, ಒಂದ ಅಕ್ಷರ ಬಿಡ್ತಿರಲಿಲ್ಲ" ಎಂದಳು ಜ್ಯೂಲಿ. ದೇವರು ದೇವರ ನಡುವೆಯೇ ಜಗಳ ಬಿದ್ದರೆ ಪಾತಾಳದ ಹೊಳೆಯ ನೀರನ್ನು ಬಂಗಾರದ ತಂಬಿಗೆಯಲ್ಲಿ ತರುವವಳೂ ಆಕೆಯೇ. ಆ ನೀರಿನ ಮೇಲೆ ಸುಳ್ಳು ಆಣೆ ಮಾಡಿದ ದೇವರು ಒಂದು ವರ್ಷ ಉಸಿರಿಲ್ಲದೆ ಬೀಳುತ್ತಿದ್ದ ಎಂದೂ ಹೇಳಿದಳು. ನಮ್ಮ ಕಣ್ಣಿನೊಳಗಿನ ಬಣ್ಣದ ಬಳೆಗೆ ಇಂಗ್ಲಿಷಿನಲ್ಲಿ ಐರಿಸ್ ಅನ್ನುವುದೂ ಆಕೆಯ ಹೆಸರಿನಿಂದಲೇ. ಆ ಹೆಸರು ಮೂಲತಃ ಎಲ್ಲಿಂದ ಹುಟ್ಟಿತು ಎಂಬುದಕ್ಕೆ ಮಾತ್ರ ಪಂಡಿತರಲ್ಲಿ ಜಗಳವಿದೆಯಂತೆ. ಕೆಲವರು 'ಹೇಳುವುದು' ಎಂಬ ಶಬ್ದದಿಂದ ಅನ್ನುತ್ತಾರೆ, ಕೆಲವರು 'ಜೋಡಿಸುವುದು' ಎಂಬುದರಿಂದ.

"ಹೇಳೂದೂ ಟಪಾಲಿನ ಕೆಲಸ, ಜೋಡಸೂದೂ ಟಪಾಲಿನ ಕೆಲಸ. ಇದರಾಗ ಜಗಳಾಡೂದ ಏನೈತಿ ಪಂಡಿತರಿಗೆ?" ಎಂದು ಹೇಮಪ್ಪ ಪಂಡಿತರ ಮೇಲೆ ಸಿಟ್ಟಾದ.

ಹೋಗುವಾಗ ಹೆಸರನ್ನು ವಾಪಸು ಕೊಡಲು ಹೋದವನು ಬರುವಾಗ ಅದನ್ನು ರಿಜಿಸ್ಟರ್ ಟಪಾಲಿನಂತೆ ಎದೆಗೆ ಹಿಡಿದುಕೊಂಡು ಬಂದ. ಅಂದಿನಿಂದ ಆ ಹೆಸರನ್ನು ಒಪ್ಪದವರ ಮೇಲೆ ಆತನ ಸಿಟ್ಟು ತಿರುಗಿತು. ಮಾಲವ್ವ "ಐರಸವ್ವ" ಎನ್ನುತ್ತಿದ್ದಳು. ಅಂಗನವಾಡಿಯ ಸುಶೀಲವ್ವ "ಐರಾಣಿ" ಎನ್ನುತ್ತಿದ್ದಳು. ಹಾಲು ಹಾಕುವವನು "ಅರಸಿ" ಎನ್ನುತ್ತಿದ್ದ. ಒಬ್ಬೊಬ್ಬರನ್ನೂ ಹೇಮಪ್ಪ ನಿಲ್ಲಿಸಿ, ನಾಲಿಗೆ ಎಲ್ಲಿ ಇಡಬೇಕು, ಎಲ್ಲಿ ತೆಗೆಯಬೇಕು ಎಂದು ತೋರಿಸುತ್ತಿದ್ದ. ಹಾಲು ಹಾಕುವವನು ಆಮೇಲೆ ಬೇರೆ ದಾರಿಯಲ್ಲಿ ಹೋಗತೊಡಗಿದ.

"ಹೆಸರ ಅಂದ್ರ ಮನಷ್ಯಾನ ಅರ್ಧಾ ಜೀವಾ" ಎಂದು ಆತ ಒಂದು ದಿನ ಊಟಕ್ಕೆ ಕೂತಾಗ ಹೇಳಿದ.

"ಹೌದೇನು" ಎಂದಳು ರೂಪಿಬಾಯಿ ರೊಟ್ಟಿ ಬಡಿಯುತ್ತ. "ನಲವತ್ತು ವರ್ಷಾತು, ನನ್ನ ಹೆಸರ ನಿಮ್ಮ ಬಾಯಾಗ ಬಂದಿದ್ದ ನಾ ಕೇಳಿಲ್ಲ. 'ಏಯ್' ಅಂತೀರಿ. ನನ್ನ ಅರ್ಧಾ ಜೀವಾ ಎಲ್ಲಿಟ್ಟೀರಿ?"

ಹೇಮಪ್ಪ ಮಜ್ಜಿಗೆ ಕೇಳಿದ.

ಇಷ್ಟಾದರೂ ಇದೆಲ್ಲ ತಾಂಡಾದೊಳಗಿನ ವಿಷಯ. ನಿಜವಾದ ತಕರಾರು ಶುರುವಾದದ್ದು ಹುಡುಗಿಗೆ ಆರು ತುಂಬಿ ಸಾಲಿಗೆ ಸೇರಿಸುವ ಹೊತ್ತಿಗೆ. ಸಾಲಿಯ ಮುಖ್ಯ ಶಿಕ್ಷಕಿ ಗುರುಬಸವ್ವ ಕನ್ನಡಕದ ಮೇಲಿಂದ ನೋಡಿ, "ಗುರುತಿನ ಕಾರ್ಡು ಬೇಕು ಹೇಮಪ್ಪಾರ. ಅದರಾಗ ಕನ್ನಡದಾಗ ಏನ ಹೆಸರ ಇರತೈತೋ ಅದನ್ನ ರಜಿಸ್ಟರಿನ್ಯಾಗ ಬರಿತೇನಿ. ಒಮ್ಮೆ ಬರದ್ನೆಂದ್ರ ಹತ್ತನೇತ್ತೆ ಮಾರ್ಕ್ಸ್ ಕಾರ್ಡಿನ ತನಕ ಅದ ನಡೀತೈತಿ, ಆಮ್ಯಾಲೆ ನನಗ ಅನಬ್ಯಾಡ್ರಿ" ಎಂದಳು.

ಹೇಮಪ್ಪನಿಗೆ ಈ ನಿಷ್ಠೆ ಬಹಳ ಹಿಡಿಸಿತು. ಮರುದಿನವೇ ಮೊಮ್ಮಗಳ ಕೈ ಹಿಡಿದು ಮುಂಡಗೋಡದ ಒಂದು ಖಾಸಗಿ ಆನ್‌ಲೈನ್ ಸೆಂಟರಿಗೆ ಹೋದ. ಅಲ್ಲಿ ಕಂಪ್ಯೂಟರಿನ ಮುಂದೆ ರೋಹಿತ ಎಂಬ ತರುಣ ಕೂತಿದ್ದ. ಬೆಳಗಿನಿಂದ ಅರವತ್ತು ಜನರ ಬೆರಳು ಒತ್ತಿಸಿ ಒತ್ತಿಸಿ ಆತನ ಮುಖದಲ್ಲಿ ಕಳೆ ಉಳಿದಿರಲಿಲ್ಲ.

"ಹೆಸರ ಹೇಳ್ರಿ."

"ಐರಿಸ್."

"ಐರಿಸ್ ಆಮ್ಯಾಲೆ ತಗೋತೇನಿ. ಮೊದಲ ಹೆಸರ ಹೇಳ್ರಿ."

"ಹೇಳಿದ್ನೆಲ್ಲ. ಐರಿಸ್."

"ಅಜ್ಜಾರ, ಅದಕ್ಕ ಸಾಲೈತಿ. ಮೊದಲ ಹೆಸರು, ಆಮ್ಯಾಲೆ ಫೋಟೋ, ಆಮ್ಯಾಲೆ ಬೆರಳು, ಎಲ್ಲಾ ಮುಗದ ಮ್ಯಾಲೆ ಐರಿಸ್."

"ಎಲ್ಲಾ ಮುಗದ ಮ್ಯಾಲೆ ಹೆಸರ ತಗೊಂಡ್ರ, ಅಲ್ಲೀತನಕ ಫೋಟೋ ಯಾರದಂತ ಬರಿತೀಯಪಾ?"

"ಅದಕ್ಕ ಹೆಸರ ಕೇಳಾಕತ್ತೇನಿ."

"ಅದಕ್ಕ ಐರಿಸ್ ಅನ್ನಾಕತ್ತೇನಿ."

ರೋಹಿತ ಎದ್ದು, ಕಣ್ಣಿಗೆ ಹಿಡಿಯುವ ಯಂತ್ರವನ್ನು ಎತ್ತಿ ತೋರಿಸಿ, ನಿಧಾನವಾಗಿ, ಕಿವಿ ಮಂದವಿದ್ದವರಿಗೆ ಹೇಳುವಂತೆ ಹೇಳಿದ. "ಇದು ಐರಿಸ್. ಕಣ್ಣಾಗಿಂದು. ಎಲ್ಲಾರಿಗೂ ಇರತೈತಿ. ನಿಮಗೂ ಐತಿ, ನನಗೂ ಐತಿ."

"ನಿನಗ ಹೆಂಗ ಇರತೈತಿ? ಈ ತಾಲೂಕಿನಾಗ ಐರಿಸ್ ಅಂತ ಇರಾಕಿ ಈಕಿ ಒಬ್ಬಾಕೀನ" ಎಂದು ಹೇಮಪ್ಪ ಗುಡುಗಿದ.

ಸಾಲಿನ ಹಿಂದೆ ನಿಂತು ಅರ್ಧಮರ್ಧ ಕೇಳಿಸಿಕೊಂಡ ಹೆಂಗಸೊಬ್ಬಳು ಪಕ್ಕದವಳಿಗೆ, ಪಾಪ ಆ ಹುಡುಗಿಗೆ ಒಂದೇ ಕಣ್ಣಂತೆ ಎಂದಳು. ಪಕ್ಕದವಳು ಹುಡುಗಿಯ ಕೈಗೆ ಒಂದು ಬಾಳೆಹಣ್ಣು ಕೊಟ್ಟಳು. ಹುಡುಗಿ ಎರಡೂ ಕಣ್ಣು ಬಿಟ್ಟು ನೋಡಿ ಹಣ್ಣು ತಿಂದಳು.

ಅರ್ಧ ತಾಸಿನ ಮೇಲೆ ಇದೇ ಹೆಸರೆಂದು ರೋಹಿತನಿಗೆ ತಿಳಿಯಿತು. ಇಂಗ್ಲಿಷಿನಲ್ಲಿ ಸರಿಯಾಗಿಯೇ ಹೊಡೆದ. ಕನ್ನಡಕ್ಕೆ ಕಂಪ್ಯೂಟರೇ ತನ್ನಷ್ಟಕ್ಕೆ ಮಾಡಿಕೊಳ್ಳುತ್ತದೆ ಎಂದು ಒಂದು ಗುಂಡಿ ಒತ್ತಿದ.

ಹದಿನೈದು ದಿನಕ್ಕೆ ಕಾರ್ಡು ಬಂತು. ಕನ್ನಡದ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ಕಣ್ಣಿನ ಪಾಪೆ ಸುದೀಪ ಲಮಾಣಿ.

ಸುದ್ದಿ ಕೇಳಿ ಮೊದಲು ಬಂದವಳು ಮಾಲವ್ವ. ಆಕೆ ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೂಡಿಸಿ ಕೂಡಿಸಿ ಓದಿದಳು. "ಕಣ್ಣಿನ ಪಾಪಿ ಅಂತ ಬರದಾರಲ್ಲೋ ಹೇಮಣ್ಣಾ. ಏನ ಪಾಪಾ ಮಾಡೇತಿ ಕೂಸು?" ಸಂಜೆಯೊಳಗೆ ತಾಂಡಾದ ಐವತ್ತು ಮನೆಗಳೂ ಆ ಪಾಪಿಯ ಮೇಲೆ ಮರುಗಿದವು. ಒಬ್ಬರು ದೃಷ್ಟಿ ತೆಗೆಯಲು ಮೆಣಸಿನಕಾಯಿ ತಂದರು. ಸೌಂದರ್ಯಾ ಹೊಲಿಗೆ ಯಂತ್ರದ ಮುಂದೆ ಕೂತವಳು ಅತ್ತಳು. ಹೇಮಪ್ಪ ಅಳಲಿಲ್ಲ. ಇಲಾಖೆ ಕೊಟ್ಟಿದ್ದ ಹಳೆಯ ಖಾಕಿ ಅಂಗಿಯನ್ನು ಟ್ರಂಕಿನಿಂದ ತೆಗೆದು ಹಾಕಿಕೊಂಡು ಸೆಂಟರಿಗೆ ಹೋದ.

"ಅರ್ಥಾ ಬರಿ ಅಂತ ಯಾರ ಹೇಳಿದ್ರು ನಿನಗ? ನಿನ್ನ ಹೆಸರ ರೋಹಿತ. ಅದರ ಅರ್ಥಾ ತಗದು 'ಕೆಂಪಗಿದ್ದಾಂವ' ಅಂತ ಬರದ್ರ ನೀ ಸುಮ್ಮನಿರ್ತೀಯೇನು?"

ರೋಹಿತ ತಪ್ಪಾತು ಎಂದ. ಈ ಸಲ ಅರ್ಥದ ಗೋಜೇ ಬೇಡ, ನೀವು ಅಂದದ್ದನ್ನು ಅಂದ ಹಾಗೆಯೇ ಬರೆಯುವ ಸೌಲಭ್ಯ ಇದೆ ಎಂದು ಮೊಬೈಲನ್ನು ಹೇಮಪ್ಪನ ಬಾಯಿಗೆ ಹಿಡಿದ. ಹೇಮಪ್ಪ ಗಂಟಲು ಸರಿಪಡಿಸಿಕೊಂಡು, ಕಣ್ಣು ಮುಚ್ಚಿ, ಐರಿಸ್ ಎಂದ. ಆತನ ಹಲ್ಲು ಎರಡು ಬಿದ್ದಿದ್ದವು, ಹೊರಗೆ ಟ್ರ್ಯಾಕ್ಟರು ಹಾಯುತ್ತಿತ್ತು. ಈ ಸಲ ಬಂದ ಕಾರ್ಡಿನಲ್ಲಿ 'ಹರೀಶ ಸುದೀಪ ಲಮಾಣಿ' ಎಂದಿತ್ತು.

ಗುರುಬಸವ್ವ ತನ್ನ ಮಾತಿಗೆ ತಪ್ಪಲಿಲ್ಲ. ಕಾರ್ಡು ನೋಡಿ, ಹುಡುಗಿಯನ್ನು ನೋಡಿ, ಮತ್ತೆ ಕಾರ್ಡು ನೋಡಿ, ಒಳಗೆ ಹೋಗಿ ಒಂದು ಜೊತೆ ಚಡ್ಡಿ ಅಂಗಿ ತಂದಿಟ್ಟಳು. "ನಾ ಕಣ್ಣಿಗೆ ಕಂಡದ್ದ ಬರಿಯಂಗಿಲ್ಲ. ಕಾಗದದಾಗ ಇದ್ದದ್ದ ಬರೀಬೇಕು. ಹರೀಶಗ ಫ್ರಾಕ್ ಕೊಟ್ರ ನಾಳೆ ಆಡಿಟಿನ್ಯಾಗ ನನ್ನ ಹಿಡೀತಾರ."

"ನಿಮಗ ಬುದ್ಧಿ ಐತೇನ್ರಿ?" ಎಂದ ಹೇಮಪ್ಪ.

"ಐತಿ. ಆದ್ರ ರಜಿಸ್ಟರಿನ್ಯಾಗ ಅದಕ್ಕ ಕಾಲಂ ಇಲ್ಲ" ಎಂದಳು ಗುರುಬಸವ್ವ.

ಮೂರನೆಯ ಸಲ ಹೋದಾಗ ಹೇಮಪ್ಪ ಬೇರೆ ಉಪಾಯ ಮಾಡಿದ. ತಿಳಿವಳಿಕೆ ಇಲ್ಲದೆ ಬರೆಯುವುದರಿಂದ ತಪ್ಪಾಗುತ್ತಿದೆ. ಆದ್ದರಿಂದ ಈ ತರುಣನಿಗೆ ಹೆಸರಿನ ಹುಟ್ಟು, ಕುಲ, ಕಥೆ ಎಲ್ಲವನ್ನೂ ತಿಳಿಸಿ ಹೇಳಿದರೆ ಮುಂದೆ ಆತ ಜನ್ಮದಲ್ಲಿ ಮರೆಯುವುದಿಲ್ಲ. ಹೀಗೆಂದು ಕುರ್ಚಿ ಎಳೆದುಕೊಂಡು ಕೂತು, ಗ್ರೀಸ್ ದೇಶ, ಮುಗಿಲು, ರೆಕ್ಕೆ, ಬಂಗಾರದ ತಂಬಿಗೆ, ಪಂಡಿತರ ಜಗಳ ಎಲ್ಲ ಹೇಳಿದ. "ಕಾಮನಬಿಲ್ಲು. ತಿಳೀತೇನು? ಐರಿಸ್ ಅಂದ್ರ ಕಾಮನಬಿಲ್ಲು" ಎಂದು ಮೇಜು ಕುಟ್ಟಿ ಕುಟ್ಟಿ ಹನ್ನೊಂದು ಸಲ ಹೇಳಿದ. ಹಿಂದಿನ ಸಾಲು ಬೀದಿಯವರೆಗೆ ಬೆಳೆಯಿತು. ರೋಹಿತ ತಲೆ ಅಲ್ಲಾಡಿಸುತ್ತ ಕೈಯಿಂದಲೇ ಅಕ್ಷರ ಅಕ್ಷರ ಹೊಡೆದ. ಈ ಸಲ ಯಾವ ಯಂತ್ರವನ್ನೂ ನಂಬಲಿಲ್ಲ.

ಕಾರ್ಡು ಬಂತು. ಅದರಲ್ಲಿ ಒಂದು ಅಕ್ಷರ ಕೂಡ ತಪ್ಪಿರಲಿಲ್ಲ. ಕಾಮನಬಿಲ್ಲು ಸುದೀಪ ಲಮಾಣಿ.

ಇನ್ನೊಮ್ಮೆ ತಿದ್ದಬೇಕೆಂದರೆ ರೋಹಿತ ಕೈ ಮುಗಿದ. ಒಬ್ಬರ ಹೆಸರನ್ನು ಎರಡೇ ಸಲ ತಿದ್ದಲು ಬರುತ್ತದಂತೆ, ಎರಡೂ ಮುಗಿದಿದ್ದವು. ಇನ್ನೇನಿದ್ದರೂ ಮೇಲಿನ ಅಧಿಕಾರಿಗಳು ವಿಶೇಷ ಪ್ರಕರಣ ಎಂದು ಬರೆದುಕೊಟ್ಟರೆ ಮಾತ್ರ.

ಆ ಸೋಮವಾರ ಮುಂಡಗೋಡದ ಸಭಾಭವನದಲ್ಲಿ ಜನರ ಅಹವಾಲು ಕೇಳುವ ಸಭೆ ಇತ್ತು. ಸಂತೆಯ ದಿನವಾದ್ದರಿಂದ ಜನ ಕಿಕ್ಕಿರಿದಿದ್ದರು. ರಸ್ತೆ ಕೆಟ್ಟವರು, ಬೋರು ಬತ್ತಿದವರು, ಗದ್ದೆಗೆ ಆನೆ ಬಂದವರು. ವೇದಿಕೆಯ ಮೇಲೆ ಅಡಿವೆಯ್ಯ ಎಂಬ ಅಧಿಕಾರಿ ಕೂತಿದ್ದ. ಸೌಮ್ಯ ಸ್ವಭಾವದವನು, ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಯಾವ ಕಾಗದಕ್ಕೂ ಬೇಗನೆ ಸಹಿ ಹಾಕುವವನಲ್ಲ. ಹೇಮಪ್ಪ ಖಾಕಿ ಅಂಗಿಯಲ್ಲಿ ಮೊಮ್ಮಗಳನ್ನು ಮುಂದಿಟ್ಟುಕೊಂಡು ನಿಂತು ಮೂರೂ ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟ.

"ಈ ಮೂರೂ ಮಕ್ಕಳು ನಿಮ್ಮವರೇನು?" ಎಂದು ಅಡಿವೆಯ್ಯ ಕೇಳಿದ.

"ಒಂದ ಕೂಸರೀ. ಇಲ್ಲಿ ನಿಂತೈತಿ. ಮೂರ ಹೆಸರ ನಿಮ್ಮ ಕಾಲದ ಕಂಪ್ಯೂಟರ ಇಟ್ಟದ್ದು. ನಾವಿಟ್ಟದ್ದು ಇದರಾಗ ಒಂದೂ ಇಲ್ಲ."

"ನೀವಿಟ್ಟದ್ದು ಏನು?"

"ಐರಿಸ್."

"ಕ್ರಿಶ್ಚಿಯನ್ ಹೆಸರೇನು? ಹಂಗಿದ್ರ ಜಾತಿ ಸರ್ಟಿಫಿಕೇಟ ಪುನಃ ನೋಡಬೇಕಾಗತೈತಿ."

ಹೇಮಪ್ಪನ ಕಿವಿ ಮೆಣಸಿನಕಾಯಿಯಾಯಿತು. "ಅಲ್ಲರೀ. ಅದಕ್ಕಿಂತ ಹಳೇದು. ಗ್ರೀಸ್ ದೇಶದ ಹಳೇ ದೇವರು. ಆ ದೇವರನ್ನ ಪೂಜಿ ಮಾಡೂ ಜನ ಈಗಿಲ್ಲ ಅಂತ ಹಳಿಯಾಳದ ಸಿಸ್ಟರ್ ಹೇಳ್ಯಾರ."

ಅಡಿವೆಯ್ಯ ಪೆನ್ನಿನಿಂದ ಗಲ್ಲ ಕೆರೆದುಕೊಂಡು ಗಂಭೀರವಾಗಿ ವಿಚಾರ ಮಾಡಿದ. "ವಾರಸುದಾರರಿಲ್ಲದ ದೇವರು. ಹಂಗಾದ್ರ ಇದು ಮುಜರಾಯಿಗೆ ಬರತೈತಿ. ನನ್ನ ಟೇಬಲ್ ಅಲ್ಲ."

ಆಗ ಹೇಮಪ್ಪ ಮಾತಾಡಿದ. ಅಧಿಕಾರಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿ ನಿಂತು, ಮೂವತ್ತನಾಲ್ಕು ವರ್ಷ ಹಳ್ಳಿಗಳಲ್ಲಿ ಹೆಸರು ಕೂಗಿದ ಧ್ವನಿಯಲ್ಲಿ, ಮೈಕು ಇಲ್ಲದೆ. ಮುಗಿಲಿನಿಂದ ಸಮುದ್ರದ ತಳದ ತನಕ ಒಬ್ಬಳೇ ಓಡಾಡಿದವಳ ಕಥೆ ಹೇಳಿದ. ಒಂದು ಅಕ್ಷರ ಸೇರಿಸದೆ, ಒಂದು ಅಕ್ಷರ ಬಿಡದೆ ಮಾತು ಮುಟ್ಟಿಸಿದವಳ ಹೆಸರನ್ನು ಬರೆಯಲು ಇಡೀ ತಾಲೂಕಿಗೆ ಮೂರು ತಿಂಗಳಿನಿಂದ ಆಗಿಲ್ಲ ಎಂದ. ಪಾತಾಳದ ಹೊಳೆಯ ನೀರಿನ ಕಥೆಯನ್ನೂ ಹೇಳಿದ. ಆನೆಯ ವಿಷಯ ಹೇಳಲು ಬಂದಿದ್ದ ಮುದುಕ ತನ್ನ ಅರ್ಜಿಯನ್ನು ಮಡಚಿ ಅದರ ಮೇಲೆಯೇ ಕೂತು ಕೇಳಿದ.

ಹಿಂದಿನಿಂದ ಗ್ಯಾರೇಜಿನ ತನ್ವೀರ ಕೈ ಎತ್ತಿದ. "ಚಾಚಾ, ಆ ನೀರು ಈಗೆಲ್ಲಿ ಸಿಗತೈತಿ? ಸುಳ್ಳ ಆಣಿ ಮಾಡಿದಾಂವ ವರ್ಷಗಟ್ಲೆ ಬೀಳ್ತಾನಂದ್ರ, ಚುನಾವಣಿಗೆ ಮೊದಲ ನಮ್ಮ ಊರಿಗೆ ಒಂದ ಟ್ಯಾಂಕರ್ ಬೇಕು."

ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಮಾತ್ರ ನಗಲಿಲ್ಲ. ಅವರು ಹಿಂದಿನ ಚುನಾವಣೆಯಲ್ಲಿ ಗೆದ್ದವರು.

ಅಡಿವೆಯ್ಯನಿಗೆ ಈಗ ಸಹಿ ಹಾಕದೆ ಗತಿ ಇರಲಿಲ್ಲ. ಕಾಗದ ಎಳೆದುಕೊಂಡು 'ವಿಶೇಷ ಪ್ರಕರಣ' ಎಂದು ಬರೆದ. ಬರೆದವನು, ಯಾವ ಕಾಗದಕ್ಕೂ ಎರಡು ಕಡೆಯ ಹೇಳಿಕೆ ಇರಬೇಕು ಎಂಬ ಹಳೆಯ ರೂಢಿಯಿಂದ ಹುಡುಗಿಯ ಕಡೆ ಬಾಗಿದ.

"ನಿನಗ ಯಾವ ಹೆಸರ ಬೇಕವಾ?"

ಮೂರು ತಿಂಗಳಲ್ಲಿ ಈ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ. ಆಕೆ ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡಳು. ಅಡಿವೆಯ್ಯನ ಕಾಗದದ ಅಂಚಿನಲ್ಲಿ ಒಂದು ಬಾಗಿದ ಗೆರೆ ಎಳೆದಳು. ನೀಲಿ ಪೆನ್ನು ತೆಗೆದು ಅದರ ಕೆಳಗೆ ಇನ್ನೊಂದು ಎಳೆದಳು. ಹಸಿರು ಪೆನ್ನು ಅಡಿವೆಯ್ಯನ ಜೇಬಿನಲ್ಲಿತ್ತು. ಅದನ್ನೂ ಕೈ ಚಾಚಿ ಕೇಳಿದಳು. ಆತ ಕೊಟ್ಟ.

"ಇದು" ಎಂದಳು.

"ಕಾಮನಬಿಲ್ಲೇನು?"

"ಹೂಂ. ಐರಿಸ್ ಬರ್ಯಾಕ ನನಗ ಬರಂಗಿಲ್ಲ. ಇದು ಬರತೈತಿ."

"ಐರಿಸ್ ಛಲೋ ಹೆಸರಲ್ಲೇನು?"

ಹುಡುಗಿ ಅಜ್ಜನ ಕಡೆ ಒಮ್ಮೆ ನೋಡಿ, ಆತನಿಗೆ ಕೇಳಿಸಬಾರದು ಎಂಬಂತೆ ಅಧಿಕಾರಿಯ ಕಿವಿಯಲ್ಲಿ ಹೇಳಿದಳು. ಆದರೆ ಪಿಸುಮಾತು ಹೇಗೆ ಆಡಬೇಕೆಂದು ಆ ಮನೆಯಲ್ಲಿ ಯಾರೂ ಕಲಿಸಿರಲಿಲ್ಲವಾದ್ದರಿಂದ ಇಡೀ ಸಭೆಗೆ ಕೇಳಿಸಿತು. "ಐರಿಸ್ ಅಂದ್ರ ನಮ್ಮಜ್ಜ ಎಲ್ಲಾರನ್ನೂ ಬೈತಾನ. ಹಾಲಿನ ಕಾಕಾ ನಮ್ಮ ಮನಿ ಮುಂದ ಬರೂದ ಬಿಟ್ಟಾನ. ಕಾಮನಬಿಲ್ಲು ಅಂದ್ರ ಯಾರೂ ತಪ್ಪು ಅನ್ನಂಗಿಲ್ಲ."

ಹೇಮಪ್ಪನಿಗೆ ಸಿಟ್ಟು ಬರಬೇಕಾಗಿತ್ತು, ಬರುವ ದಾರಿಯಲ್ಲಿಯೂ ಇತ್ತು, ಆದರೆ ಯಾರ ಮೇಲೆ ಎಂದು ವಿಳಾಸ ತಿಳಿಯದೆ ಅಲ್ಲೇ ನಿಂತಿತು. ಅಡಿವೆಯ್ಯ ಆತನ ಮುಖ ನೋಡಿದ. ಹೇಮಪ್ಪ ಆಗಲಿ ಎಂಬಂತೆ ಒಮ್ಮೆ ತಲೆ ಆಡಿಸಿದ. ಅಧಿಕಾರಿ 'ವಿಶೇಷ ಪ್ರಕರಣ' ಎಂಬುದನ್ನು ಹೊಡೆದು ಹಾಕಿ, ಮೂರು ಬಣ್ಣದ ಗೆರೆಗಳಿದ್ದ ಆ ಕಾಗದವನ್ನು ಮಡಚಿ ಹುಡುಗಿಯ ಕೈಗೇ ಕೊಟ್ಟ.

ಬಸ್ ನಿಲ್ದಾಣಕ್ಕೆ ಹೋಗುವಾಗ ಹೇಮಪ್ಪ ಮೊಮ್ಮಗಳಿಗೆ ಸಂತೆಯಲ್ಲಿ ಮಂಡಕ್ಕಿ ಕೊಡಿಸಿದ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂಡಿಸಿದ. ಒಂದೆರಡು ಸಲ, ಯಾರಿಗೂ ಕೇಳದಂತೆ, ಕಾಮನಬಿಲ್ಲು ಎಂದು ಬಾಯಲ್ಲಿ ಆಡಿಸಿ ನೋಡಿದ. ಬಿದ್ದ ಹಲ್ಲುಗಳ ನಡುವೆಯೂ ಅದು ಸರಿಯಾಗಿಯೇ ಬಂತು.

ಮುಂದಿನ ಸೀಟಿನಲ್ಲಿ ಸಂತೆಯಿಂದ ಕೋಳಿ ಹಿಡಿದು ಹೊರಟಿದ್ದವನೊಬ್ಬ ಕೂತಿದ್ದ. ಹುಡುಗಿ ಕೋಳಿಯ ಜುಟ್ಟು ಮುಟ್ಟಿದಳು. ಆತ ನಕ್ಕು ಹಿಂದೆ ತಿರುಗಿದ.

"ಏನ ಹೆಸರವಾ ನಿಂದು?"

"ಕಾಮನಬಿಲ್ಲು."

"ಇದೆಂಥಾ ಹೆಸರು" ಎಂದ ಕೋಳಿಯವನು. "ಮಂದಿಗೆ ಮಕ್ಕಳಿಗೆ ಇಡಾಕ ನೆಟ್ಟಗೊಂದ ಹೆಸರ ಸಿಗೂದಿಲ್ಲೇನು?"

ಹೇಮಪ್ಪನ ಕಿವಿಯ ತುದಿ ಕೆಂಪಾಯಿತು. ಖಾಕಿ ಅಂಗಿಯ ತೋಳು ಮೇಲಕ್ಕೆ ಮಡಚಿ, ಮುಂದಿನ ಸೀಟಿನ ಸರಳು ಹಿಡಿದು, ಆತನ ಕಿವಿಯ ಹತ್ತಿರಕ್ಕೆ ಬಾಗಿದ.

"ಯಾಕ್ರೀ, ಆ ಹೆಸರಿಗೇನಾಗೈತಿ? ಈ ಹೆಸರ ಎಲ್ಲಿಂದ ಬಂದೈತಿ ಅಂತ ಗೊತ್ತೈತೇನು ನಿಮಗ? ಕೂಡ್ರಿ, ಏಳಬ್ಯಾಡ್ರಿ. ಗ್ರೀಸ್ ಅಂತ ಒಂದ ದೇಶ ಐತಿ."

ಕೋಳಿಯವನು ಇಳಿಯಬೇಕಾಗಿದ್ದ ಊರು ಬಂದು, ನಿಂತು, ಹಿಂದೆ ಹೋಯಿತು. ಆತ ಎರಡು ಸಲ ಏಳಲು ನೋಡಿದ, ಕೋಳಿಯೂ ಒಮ್ಮೆ ಕೂಗಿತು. ಬಸ್ಸು ಅತ್ತಿವೇರಿಯ ಕಡೆ ತಿರುಗಿದಾಗ ಹೇಮಪ್ಪ ಇನ್ನೂ ಪಂಡಿತರ ಜಗಳಕ್ಕಷ್ಟೇ ಬಂದಿದ್ದ.